ಎರಡನೇ ಸಲ ಕೇಳಿದವರು

ಬೈಕಂಪಾಡಿಯಲ್ಲಿ ಸಣ್ಣದೊಂದು ಕಾರ್ಖಾನೆ ನಡೆಸುವ ನನ್ನ ತಂಗಿಯ ಮಗ ಕಳೆದ ಭಾನುವಾರ ಊಟಕ್ಕೆ ಬಂದಿದ್ದ. ಮೀನಿನ ಮುಳ್ಳು ಬಿಡಿಸುತ್ತಾ ತನ್ನ ಕೆಲಸದವರನ್ನು ಬಯ್ಯುತ್ತಿದ್ದ. "ಎಲ್ಲವನ್ನೂ ಇವರಿಗೆ ಬಿಡಿಸಿ ಹೇಳಬೇಕಾ ಮಾಮಾ? ನನ್ನ ಮನಸ್ಸಿನಲ್ಲಿ ಎಂತ ಉಂಟು ಅಂತ ಅಷ್ಟೂ ತಿಳಿಯುವುದಿಲ್ಲವಾ?" ಎಂದ. ನಾನು ನೀರಿನ ಲೋಟವನ್ನು ಮೇಜಿನ ಮೇಲೆ ಇಟ್ಟ ಸದ್ದಿಗೆ ತಂಗಿ ಅಡುಗೆಮನೆಯಿಂದ ಇಣುಕಿದಳು. ಸಿಟ್ಟು ಹುಡುಗನ ಮೇಲಲ್ಲ ಎಂದು ಆಮೇಲೆ ಅವಳಿಗೆ ಹೇಳಿದೆ. ಅದು ಪೂರ್ತಿ ನಿಜವಲ್ಲ.

ಅದೇ ಮಾತನ್ನು, ಅದೇ ನೊಂದ ಧ್ವನಿಯಲ್ಲಿ, ನಾನು ಐವತ್ತರ ದಶಕದ ನಡುವಿನಲ್ಲಿ ಕೇಳಿದ್ದೆ. ಬಂದರಿನ ಗೋದಾಮುಗಳ ಹಿಂದಿನ ಒಂದು ಬಸ್ಸು ಕಂಪೆನಿಯ ಆಫೀಸಿನಲ್ಲಿ, ಆರಾಮ ಕುರ್ಚಿಯಲ್ಲಿ ಒರಗಿಕೊಂಡಿದ್ದ ಒಬ್ಬರ ಬಾಯಿಂದ. ಆ ದಿನಗಳನ್ನು ಬರೆದಿಡಬೇಕೆಂದು ಆಗಾಗ ಅನಿಸಿದ್ದುಂಟು. ಬರೆಯದೆ ಇದ್ದದ್ದಕ್ಕೆ ಕಾರಣ, ನನಗೆ ನನ್ನ ನೆನಪಿನ ಮೇಲೆ ನಂಬಿಕೆ ಕಡಿಮೆ. ಸಿಟ್ಟಿನಲ್ಲಿ ಇಟ್ಟ ನೆನಪಿನ ಮೇಲಂತೂ ಇನ್ನೂ ಕಡಿಮೆ. ಇಟ್ಟಲ್ಲೇ ಅದು ಬೆಳೆಯುತ್ತದೆ. ಆಗ ದಿನಚರಿ ಬರೆಯುತ್ತಿದ್ದೆ, ಹೌದು. ಆದರೆ ಆ ವರ್ಷದ ಪುಟಗಳಲ್ಲಿ ಮಳೆ, ತಲೆನೋವು, ಓದಿ ಮುಗಿಸಿದ ಪುಸ್ತಕ ಇವೇ ತುಂಬಿವೆ. ಮುಖ್ಯವಾದದ್ದು ನಡೆದ ದಿನ ಒಂದೂವರೆ ಸಾಲು. ಇನ್ನೊಂದು ತೊಡಕು ಭಾಷೆಯದು. ಮಾತೆಲ್ಲ ನಡೆದದ್ದು ತುಳುವಿನಲ್ಲಿ, ಕೊಂಕಣಿಯಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದರಲ್ಲಿ ನನ್ನ ಮಾತೂ ಸ್ವಲ್ಪ ಸೇರಿರುತ್ತದೆ. ಓದುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಬಿ.ಎ. ಮುಗಿಸಿ ಕೆಲಸಕ್ಕೆ ಅಲೆಯುತ್ತಿದ್ದಾಗ ನನಗೆ ಸಿಕ್ಕಿದ್ದು ಆ ಕಂಪೆನಿಯ ಗುಮಾಸ್ತಿಕೆ. ಮಾಲಿಕರನ್ನು ಎಲ್ಲರೂ ಧಣಿ ಎನ್ನುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ. ಒಳನಾಡಿನ ದೊಡ್ಡ ಬೇಸಾಯದ ಮನೆತನ ಅವರದು. ಭೂಮಿಯ ಕಾಯಿದೆಗಳು ಬದಲಾಗುತ್ತವೆ ಎಂಬ ಗಾಳಿಸುದ್ದಿ ಕಿವಿಗೆ ಬಿದ್ದವರಲ್ಲಿ ಮೊದಲಿಗರಾಗಿ ಅವರು ಒಂದಿಷ್ಟು ಗದ್ದೆ ಮಾರಿ ಬಸ್ಸು ಕೊಂಡಿದ್ದರು. ಆಫೀಸಿನ ಮುಂದಿನ ಜಗಲಿಯನ್ನು ಚಾವಡಿ ಎಂದೇ ಕರೆಯುತ್ತಿದ್ದರು. ಹಳ್ಳಿಯ ಮನೆಯ ಚಾವಡಿಯಲ್ಲಿ ಅವರ ಸೋದರಮಾವ ಹೇಗೆ ಕೂತಿದ್ದರೋ ಹಾಗೇ ಇಲ್ಲಿ ಇವರು ಕೂರುತ್ತಿದ್ದರು.

ಆ ಸೋದರಮಾವನ ವಿಷಯವನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಮಾವ ಮಾತೇ ಆಡುತ್ತಿರಲಿಲ್ಲವಂತೆ. ಹಟ್ಟಿಯ ಕಡೆಗೆ ಕತ್ತು ತಿರುಗಿಸಿದರೆ ಆಳುಗಳು ಎತ್ತು ಕಟ್ಟುತ್ತಿದ್ದರು. ಕೆಮ್ಮಿದರೆ ಕಟ್ಟೆಯ ನೀರು ಬಿಡುತ್ತಿದ್ದರು. ಧಣಿಯ ಮನಸ್ಸನ್ನು ತಿಳಿದು ನಡೆಯುವವನೇ ಆಳು, ಕೇಳಿ ನಡೆಯುವವನು ಬಾಡಿಗೆಯವನು ಎಂದು ಮಾವ ಹೇಳುತ್ತಿದ್ದರಂತೆ. ಆ ಮನೆಯಲ್ಲಿ ಒಮ್ಮೆ ಹೇಳಿದ್ದನ್ನು ಎರಡನೇ ಸಲ ಕೇಳುವುದು ಮರ್ಯಾದೆಗೆಟ್ಟ ಕೆಲಸ. ಕೇಳಿದವನು ಒಂದೋ ದಡ್ಡ, ಇಲ್ಲವೇ ಎದುರು ನಿಂತವನು.

ಈ ಕತೆ ಮೊದಲ ಸಲ ಕೇಳಿದಾಗ ನನಗೆ ಮೆಚ್ಚುಗೆಯೇ ಆಗಿತ್ತು. ಆಮೇಲೆ ಹೊಳೆಯಿತು: ಅದೇ ಗದ್ದೆ, ಅದೇ ಹಟ್ಟಿ, ವರ್ಷ ವರ್ಷವೂ ಅದೇ ಏಣಿಲು ಬೆಳೆ, ಅದೇ ಸುಗ್ಗಿ ಬೆಳೆ. ತಲೆಮಾರುಗಳಿಂದ ಅಲ್ಲೇ ಬಗ್ಗಿದವರಿಗೆ ಕೆಮ್ಮೂ ಬೇಕಿರಲಿಲ್ಲ. ಮಾವನ ಮೌನಕ್ಕೆ ಸಿಕ್ಕ ಕೀರ್ತಿ ನಿಜವಾಗಿ ಬೇರೆಯವರ ಬೆನ್ನಿನ ದುಡಿಮೆ. ತಪ್ಪು ತಿಳಿದ ದಿನ ಆ ಬೆನ್ನಿಗೆ ಏನಾಯಿತು ಎಂಬುದು ಧಣಿಯ ಕತೆಯಲ್ಲಿ ಬರುತ್ತಿರಲಿಲ್ಲ.

ಬಸ್ಸು ಗದ್ದೆಯಲ್ಲ. ನಮ್ಮ ದಾರಿಯ ನಡುವೆ ಹೊಳೆಯೂ ಇತ್ತು.

ಬಡಗಿನಲ್ಲಿ ಕೂಳೂರಿಗೆ ಆಗಲೇ ಸೇತುವೆ ಬಂದಿತ್ತು. ತೆಂಕು ಬದಿಯಲ್ಲಿ, ಪೇಟೆಯ ಅಂಚಿನ ನೇತ್ರಾವತಿಗೆ ಇದ್ದದ್ದು ರೈಲಿನ ಸೇತುವೆ ಮಾತ್ರ. ಹಾಗಾಗಿ ನಮ್ಮ ಬಸ್ಸು ಎಂದರೆ ಎರಡು ಬಸ್ಸು. ಒಂದು ಪೇಟೆಯಿಂದ ಕಡವಿನವರೆಗೆ, ಅಂದರೆ ದೋಣಿ ಹತ್ತುವ ಜಾಗದವರೆಗೆ ಜನರನ್ನು ತಂದು ಬಿಡುತ್ತಿತ್ತು. ಅವರು ದೋಣಿಯಲ್ಲಿ ದಾಟಿದರೆ ಆಚೆ ದಡದಲ್ಲಿ ನಮ್ಮದೇ ಇನ್ನೊಂದು ಬಸ್ಸು. ಅದು ಅವರನ್ನು ಮಂಜೇಶ್ವರ, ಕಾಸರಗೋಡು ಎಂದು ಮುಂದಕ್ಕೆ ಒಯ್ಯುತ್ತಿತ್ತು. ಆಚೆ ದಡದಲ್ಲಿ ಎದುರು ಕಂಪೆನಿಯ ಬಸ್ಸೂ ನಿಂತಿರುತ್ತಿತ್ತು. ನಮ್ಮದು ಬಿಟ್ಟ ಸ್ವಲ್ಪ ಹೊತ್ತಿಗೆ ಅದರ ಸರದಿ.

ಎಲ್ಲ ತಂಟೆಯೂ ಆ ಆಚೆ ಬಸ್ಸಿನದು. ಪರ್ಮಿಟ್ಟಿನಲ್ಲಿ ಅದು ಬಿಡುವ ಸಮಯ ನಿಗದಿಯಾಗಿತ್ತು. ಆದರೆ ದೋಣಿಗೆ ಸಮಯವಿಲ್ಲ. ಗಾಳಿ, ಇಳಿತ, ಭರತ ನೋಡಿ ಅದು ಬರಬೇಕು. ದೋಣಿ ತಡವಾದರೆ ಆಚೆಯ ಡ್ರೈವರು ಕಾಯಬೇಕೋ ಬಿಡಬೇಕೋ? ಕಾದರೆ ಒಳಗೆ ಕೂತವರು ಗೊಣಗುತ್ತಾರೆ, ಪೊಲೀಸರು ಹಿಡಿದರೆ ಕೇಸು. ಬಿಟ್ಟರೆ ನಮ್ಮ ಬಸ್ಸಿನಿಂದ ಇಳಿದು ಹೊಳೆ ದಾಟಿದ ಜನ ಎದುರು ಕಂಪೆನಿಯ ಪಾಲು. ಎರಡರಲ್ಲಿ ಒಂದನ್ನು ಯಾರಾದರೂ ಆರಿಸಿ ಹೇಳಬೇಕಿತ್ತು. ಹೇಳಬೇಕಾದವರು ಒಬ್ಬರೇ. ಕೇಳಿದಾಗಲೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ನೋಡಿ ಬಿಡಲಿ."

ಆ ಮಾತನ್ನು ಹೊತ್ತುಕೊಂಡು ದೋಣಿ ಹತ್ತಿ ಆಚೆ ದಡಕ್ಕೆ ಹೋಗುವುದು ನನ್ನ ಕೆಲಸವಾಗಿತ್ತು.

ಆಚೆ ಬಸ್ಸಿನ ಡ್ರೈವರು ನಮ್ಮ ಇಗರ್ಜಿಯವರೇ, ಅಂದರೆ ನಮ್ಮ ಚರ್ಚಿನವರೇ. ನನಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವರು. ಯುದ್ಧದ ಕಾಲದಲ್ಲಿ ಪಟಾಲಮಿನ ಲಾರಿ ಓಡಿಸಿದವರು. ಮಳೆಗಾಲದಲ್ಲೂ ಖಾಕಿ ಅಂಗಿಯ ಮಡಿಕೆ ಕೆಡುತ್ತಿರಲಿಲ್ಲ. ಪೂಜೆಗೆ ಬಂದಾಗಲೂ ಬಾಗಿಲ ಹತ್ತಿರ ನೆಟ್ಟಗೆ ನಿಲ್ಲುತ್ತಿದ್ದರು. ಅವರ ಮೀಸೆ ದಪ್ಪವಿತ್ತು ಎಂದು ತಂಗಿ ಹೇಳುತ್ತಾಳೆ. ನನ್ನ ನೆನಪಿನ ಮುಖಕ್ಕೆ ಮೀಸೆಯೇ ಇಲ್ಲ.

ಮೊದಲ ಸಲ ನಾನು ಧಣಿಯ ಮಾತನ್ನು ಒಪ್ಪಿಸಿದಾಗ ಅವರು ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದರು.

"ನೋಡಿ ಅಂದರೆ ಎಂತ ನೋಡುವುದು ಮಾರಾಯ? ದೋಣಿಯನ್ನಾ, ಗಡಿಯಾರವನ್ನಾ, ಧಣಿಯ ಮುಖವನ್ನಾ? ಮುಖ ನೋಡುವ ಅಂದರೆ ಅದು ಹೊಳೆಯ ಆ ಬದಿಯಲ್ಲಿ ಉಂಟು."

ಪಟಾಲಮಿನ ರೀತಿಯನ್ನು ಅವರು ನನಗೆ ವಿವರಿಸಿದ್ದು ಅಂದೇ. ಅಲ್ಲಿ ಮೇಲಿನವನು ಆರ್ಡರ್ ಕೊಟ್ಟರೆ ಕೆಳಗಿನವನು ಅದನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು. ಹೇಳಿದ್ದರಲ್ಲಿ ಒಂದು ಮಾತು ತಪ್ಪಿದರೆ ಅಲ್ಲೇ ತಿದ್ದುತ್ತಾರೆ; ಏನಾದರೂ ಬಿಟ್ಟುಹೋಗಿದ್ದರೆ ಅಲ್ಲೇ ಕೇಳಬೇಕು, ಆಮೇಲೆ ಕೇಳುವ ಹಾಗಿಲ್ಲ. ಬೈಗುಳಕ್ಕೆ, ಶಿಕ್ಷೆಗೆ ಅಲ್ಲೇನೂ ಕಡಿಮೆ ಇರಲಿಲ್ಲವಂತೆ. ಆದರೆ ಯಾವುದಕ್ಕೆ ಶಿಕ್ಷೆ ಎಂದು ಮೊದಲೇ ಗೊತ್ತಿರುತ್ತಿತ್ತು.

ಅವರೇ ಒಂದು ಉಪಾಯವನ್ನೂ ಸೂಚಿಸಿದರು. ಈಚೆ ಕಡವಿನಲ್ಲಿ ನಮ್ಮ ಜನ ದೋಣಿ ಹತ್ತಿದ ಕೂಡಲೇ ನಮ್ಮ ಕಂಡಕ್ಟರು ಒಂದು ಕೆಂಪು ಬಟ್ಟೆ ಏರಿಸಲಿ. ಬಟ್ಟೆ ಕಂಡರೆ ಕಾಯುತ್ತೇನೆ, ಕಾಣದಿದ್ದರೆ ಬಿಡುತ್ತೇನೆ. ಮಳೆಯ ದಿನ ಬಟ್ಟೆ ಕಾಣದು, ಆ ದಿನಕ್ಕೆ ಬೇರೆ ಮಾತು ಇರಲಿ. ನನಗೆ ಇದು ಎಷ್ಟು ಸರಿ ಅನಿಸಿತೆಂದರೆ, ಅಂದೇ ಸಂಜೆ ಧಣಿಯ ಮುಂದೆ ನಿಂತು ಹೇಳಿದೆ. ಅವರು ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಹಚ್ಚುವುದನ್ನು ಮುಗಿಸಿದರು. "ನಾವು ಓಡಿಸುವುದು ಬಸ್ಸಾ, ರೈಲಾ?" ಎಂದರು. ಜಗಲಿಯಲ್ಲಿ ಕೂತಿದ್ದವರು ನಕ್ಕರು. ಉಪಾಯ ಅಲ್ಲಿಗೇ ಮುಗಿಯಿತು.

ಆ ಬೇಸಿಗೆಯಲ್ಲಿ ಒಮ್ಮೆ ಡ್ರೈವರು ಕಾದರು. ದೋಣಿ ಹೊಳೆಯ ನಡುವಿನ ಮರಳುದಿಬ್ಬಕ್ಕೆ ತಾಗಿ ನಿಂತಿತ್ತು, ಜನ ಕೈಬೀಸುತ್ತಿದ್ದರು. ಬಸ್ಸಿನ ಮುಂದಿನ ಸೀಟಿನಲ್ಲಿ ಕಾಸರಗೋಡಿನ ಕೋರ್ಟಿಗೆ ಹೊರಟಿದ್ದ ವಕೀಲರೊಬ್ಬರಿದ್ದರು. ಅವರ ಕೇಸು ಕೂಗಿದಾಗ ಅವರು ಅಲ್ಲಿರಲಿಲ್ಲ. ಮರುದಿನ ಅವರು ಬಂದು ಚಾವಡಿಯಲ್ಲಿ ಗಟ್ಟಿಯಾಗಿ ಮಾತಾಡಿ ಹೋದರು. ಧಣಿ ನನ್ನ ಕಡೆ ತಿರುಗಿ, ಅವನಿಗೆ ಸಮಯ ಅಂದರೆ ಎಂತ ಅಂತ ಗೊತ್ತಿಲ್ಲವಾ, ಕೇಳಿ ಬಾ ಎಂದರು. ನಾನು ಹೋಗಿ ಕೇಳಿದೆ. ಡ್ರೈವರು, ಅಂದರೆ ಇನ್ನು ಕಾಯುವುದು ಬೇಡವಾ, ಕೇಳಿ ಬಾ ಎಂದರು. ನಾನು ತಿರುಗಿ ಬಂದು ಕೇಳಿದೆ. ಧಣಿ, "ನೋಡಿ ಬಿಡಲಿ" ಎಂದರು. ಈ ಕೆಲಸಕ್ಕೆ ಮದರಾಸು ವಿಶ್ವವಿದ್ಯಾಲಯದ ಪದವಿ ಬೇಕಿತ್ತು.

ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ಅವರು ಬಿಟ್ಟರು. ಸಮಯಕ್ಕೆ ಸರಿಯಾಗಿ ಬಿಟ್ಟರು. ಆ ದಿನ ಹೊಳೆಯ ಮೇಲೆ ಮಳೆ ಹೇಗೆ ಬೀಳುತ್ತಿತ್ತೆಂದರೆ ಕಡವಿನ ಮೆಟ್ಟಿಲಿನಿಂದ ನೀರೇ ಕಾಣುತ್ತಿರಲಿಲ್ಲ. ಆ ಮಳೆಯೊಳಗೆ ಒಂದು ದೋಣಿ ಬರುತ್ತಿತ್ತು. ಅದರಲ್ಲಿ ಧಣಿಯ ಅಕ್ಕ ಇದ್ದರು, ಮಗಳೊಂದಿಗೆ.

ಅವರ ಕುಟುಂಬ ಅಳಿಯಕಟ್ಟಿನದು. ಮನೆ, ಹೆಸರು, ಉಳಿದ ಗದ್ದೆ ಎಲ್ಲ ಅಕ್ಕನ ಮಕ್ಕಳ ಕಡೆಗೆ ಹೋಗುವಂಥದ್ದು. ಆ ಅಕ್ಕನ ಮುಂದೆ ಧಣಿ ಕೂಡ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಮಗಳ ಮದುವೆಯ ಮಾತಿಗೆಂದು ತೆಂಕಿನ ಒಂದು ಮನೆಗೆ ಹೊರಟಿದ್ದರು. ತಾವು ಬರುವುದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ಅಗತ್ಯ ಆ ಕುಟುಂಬದಲ್ಲಿ ಯಾರಿಗೂ ಕಂಡಿರಲಿಲ್ಲ. ತಮ್ಮನ ಬಸ್ಸು ತಮಗಾಗಿ ನಿಂತಿರುತ್ತದೆ ಎಂದು ದೋಣಿಯಿಂದ ಇಳಿದು ನೋಡಿದರೆ ಅಲ್ಲಿ ಇದ್ದದ್ದು ಕೆಸರಿನಲ್ಲಿ ಟಯರಿನ ಗುರುತು, ಪಕ್ಕದಲ್ಲಿ ಎದುರು ಕಂಪೆನಿಯ ಬಸ್ಸು. ಅದರ ಹಿಂದಿನ ಸೀಟಿನಲ್ಲಿ, ಮೀನಿನ ಬುಟ್ಟಿಗಳ ನಡುವೆ, ಜರಿ ಸೀರೆಯಲ್ಲಿ ಅವರು ಹೋದರು. ಸುದ್ದಿಯನ್ನು ಎದುರು ಕಂಪೆನಿಯ ಕಂಡಕ್ಟರು ನಿಲ್ದಾಣ ನಿಲ್ದಾಣದಲ್ಲೂ ಹೇಳಿಕೊಂಡು ಬಂದ. ಸಂಜೆಗೆ ಅದು ಬಂದರಿಗೆ ತಲುಪಿತು.

ಮರುದಿನ ಡ್ರೈವರಿಗೆ ಕರೆ ಬಂತು. ಅವರು ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲಿ ಬಿಟ್ಟು ಜಗಲಿಯ ಅಂಚಿನಲ್ಲಿ ನಿಂತರು. ಟಯರು ವ್ಯಾಪಾರಿಯೊಬ್ಬರು, ಇಬ್ಬರು ಏಜೆಂಟರು ಕೂತಿದ್ದರು. ನಾನು ಒಳಬಾಗಿಲಿನ ಹತ್ತಿರ ನನ್ನ ಮೇಜಿನಲ್ಲಿದ್ದೆ. ಇದನ್ನು ನಾನು ಖಚಿತವಾಗಿ ನೋಡಿದ್ದೇನೆ, ಕೇಳಿ ಬರೆದದ್ದಲ್ಲ.

ಧಣಿ ಅಕ್ಕನ ಹೆಸರನ್ನೇ ಎತ್ತಲಿಲ್ಲ. "ನಿನಗೆ ಕಣ್ಣಿಲ್ಲವಾ?" ಎಂದು ಶುರುಮಾಡಿದರು.

"ಉಂಟು ಧಣೀ. ಮಳೆಯಲ್ಲಿ ಹೊಳೆಯೇ ಕಾಣ್ತಿರಲಿಲ್ಲ. ಆಗ ಕಾದದ್ದಕ್ಕೆ ಬೈದಿರಿ, ಈಗ ಬಿಟ್ಟದ್ದಕ್ಕೆ. ಇನ್ನು ಮುಂದೆ ಎಂತ ಮಾಡಬೇಕು ಅಂತ ಒಮ್ಮೆ ಹೇಳಿಬಿಡಿ, ಹಾಗೇ ಮಾಡ್ತೇನೆ."

"ಹೇಳುವುದು ಎಂತ ಉಂಟು? ಕಾಯಬೇಕಾದವರಿಗೆ ಕಾಯಬೇಕು. ಕಾಯಬಾರದವರಿಗೆ ಕಾಯಬಾರದು. ಸಮಯ ತಪ್ಪಬಾರದು. ಅಷ್ಟೇ."

ಡ್ರೈವರು ಹಿಮ್ಮಡಿ ಜೋಡಿಸಿ ನೆಟ್ಟಗಾದರು. ಎದುರು ಗೋಡೆಯನ್ನು ನೋಡುತ್ತಾ, ಪೆರೇಡಿನ ಧ್ವನಿಯಲ್ಲಿ, ಒಂದೊಂದೇ ಮಾತನ್ನು ತಿರುಗಿ ಹೇಳಿದರು: "ಕಾಯಬೇಕಾದವರಿಗೆ ಕಾಯಬೇಕು. ಕಾಯಬಾರದವರಿಗೆ ಕಾಯಬಾರದು. ಸಮಯ ತಪ್ಪಬಾರದು." ಆಮೇಲೆ ಕಣ್ಣನ್ನು ಗೋಡೆಯಿಂದ ಕೀಳದೆಯೇ, "ಕಾಯಬೇಕಾದವರು ಯಾರು ಧಣೀ?" ಎಂದು ಕೇಳಿದರು.

ಟಯರು ವ್ಯಾಪಾರಿ ನಕ್ಕ. ಆ ನಗು ಪ್ರಶ್ನೆಗಿಂತ ಮೊದಲು ಬಂತೋ ನಂತರವೋ ಎಂದು ನಾನು ಈ ಹಲವು ವರ್ಷಗಳಲ್ಲಿ ಎಷ್ಟೋ ಸಲ ಯೋಚಿಸಿದ್ದೇನೆ. ಮೊದಲೇ ನಕ್ಕಿದ್ದರೆ, ಧಣಿಗೆ ತಾಗಿದ್ದು ನಗು. ಆಮೇಲೆ ನಕ್ಕಿದ್ದರೆ, ತಾಗಿದ್ದು ಪ್ರಶ್ನೆ. ನನ್ನ ಕಿವಿಯಲ್ಲಿ ಎರಡೂ ಒಟ್ಟಿಗೇ ಇವೆ.

"ಬಸ್ಸಿನ ಕೀ ಅಲ್ಲಿಟ್ಟು ಹೋಗು," ಎಂದರು ಧಣಿ. ಧ್ವನಿ ಏರಿಸಲಿಲ್ಲ. ಡ್ರೈವರು ಕೀಯನ್ನು ಜಗಲಿಯ ಕಟ್ಟೆಯ ಮೇಲೆ ಇಟ್ಟರು, ಚಪ್ಪಲಿ ಹಾಕಿಕೊಂಡರು, ಮಳೆಯಲ್ಲೇ ಹೋದರು. ಆ ಬಳಿಕ ಧಣಿ ಜಗಲಿಯಲ್ಲಿದ್ದವರ ಕಡೆ ನೋಡಿ, ನಿಜವಾಗಿಯೂ ನೊಂದವರಂತೆ, ಇಷ್ಟು ವರ್ಷ ಅನ್ನ ತಿಂದವನಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಾ, ನನ್ನ ಮನಸ್ಸು ಅಷ್ಟೂ ತಿಳಿಯುವುದಿಲ್ಲವಾ ಎಂದರು. ತಂಗಿಯ ಮಗ ಮೊನ್ನೆ ನನ್ನ ಮೇಜಿನಲ್ಲಿ ಆಡಿದ್ದು ಈ ಮಾತನ್ನೇ.

ಆ ರಾತ್ರಿ ನಾನು ಒಂದು ಸಮಾಧಾನ ಮಾಡಿಕೊಂಡೆ. ಇದು ತಿಳಿವಳಿಕೆಯ ತಪ್ಪು. ಪಟಾಲಮಿನವನಿಗೆ ಮರ್ಯಾದೆಯಾದದ್ದು ಗದ್ದೆಮನೆಯವರಿಗೆ ಅವಮಾನವಾಗಿ ಕಂಡಿದೆ. ಎರಡೂ ಬಲ್ಲವನೊಬ್ಬ ನಡುವೆ ನಿಂತು ವಿವರಿಸಿದರೆ ಸರಿಹೋಗುತ್ತದೆ. ಓದಿದವರಿಗೆ ಇಂಥ ಸಮಾಧಾನಗಳು ಬೇಗ ಹೊಳೆಯುತ್ತವೆ. ಬೆಳಗ್ಗೆ ಧಣಿಯ ಮನೆಗೇ ಹೋದೆ. ಅವರು ಅಂಗಳದಲ್ಲಿ ನಿಂತು ತೆಂಗಿನ ಮರಕ್ಕೆ ಹತ್ತಿದವನನ್ನು ನೋಡುತ್ತಿದ್ದರು. ನಾನು ಪಟಾಲಮಿನ ಪದ್ಧತಿಯನ್ನೆಲ್ಲ ವಿವರಿಸಿದೆ. ಡ್ರೈವರು ಹಾಸ್ಯ ಮಾಡಿದ್ದಲ್ಲ, ಅಲ್ಲಿ ಆರ್ಡರನ್ನು ತಿರುಗಿ ಹೇಳುವುದೇ ಗೌರವ ಎಂದೆ.

"ಗೊತ್ತುಂಟು," ಎಂದರು ಧಣಿ.

ಮರದಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು.

"ಗೊತ್ತಿದ್ದೇ ಇಳಿಸಿದ್ದು. ನೋಡು, ಇಂಥವರಿಗೆ ಕಾಯಿ, ಇಂಥವರಿಗೆ ಬೇಡ ಅಂತ ನಾನು ಬಾಯಿ ಬಿಟ್ಟು ಹೇಳಿದೆ ಅಂತ ಇಟ್ಟುಕೋ. ಅವನು ಹಾಗೇ ಮಾಡಿದ. ಆದರೂ ತೊಂದರೆ ಆಯ್ತು. ಆಗ ತಪ್ಪು ಯಾರದ್ದು? ನನ್ನದು. ಮಾತು ಬಿಟ್ಟವನು ಮಾತಿಗೆ ಕಟ್ಟುಬೀಳ್ತಾನೆ ಮಾರಾಯ. ನಿನಗೆ ಪ್ರಾಯ ಸಣ್ಣದು, ಕಲಿತುಕೋ."

ಅವರು ನಾಚಿಕೆಯಿಂದ ಹೇಳಲಿಲ್ಲ, ಬೆದರಿಸಿಯೂ ಹೇಳಲಿಲ್ಲ. ವ್ಯಾಪಾರದ ಒಂದು ಒಳಗುಟ್ಟನ್ನು ಮನೆಯ ಹುಡುಗನಿಗೆ ಕಲಿಸಿಕೊಟ್ಟ ಹಾಗೆ, ಪ್ರೀತಿಯಿಂದಲೇ ಹೇಳಿದರು. ಆಮೇಲೆ ತೆಂಗಿನ ಮರದ ಕಡೆಗೆ ಕತ್ತೆತ್ತಿ, ಆ ಗೊನೆಯಲ್ಲ, ಅದರಾಚೆಯದು ಎಂದು ಸ್ಪಷ್ಟವಾಗಿ ಕೂಗಿದರು.

ನನ್ನ ಸಿಟ್ಟು ಹುಟ್ಟಿದ್ದು ಆ ಅಂಗಳದಲ್ಲಿ. ಅದಕ್ಕೆ ಮುಂಚೆ ಇದ್ದದ್ದು ಬೇಸರ. ಹೇಳಲು ಬಾರದೆ ಹೇಳದೆ ಇರುವವರ ಮೇಲೆ ನನಗೆ ಸಿಟ್ಟಿಲ್ಲ. ಅಂಥವರು ಮನೆಯಲ್ಲೂ ಇದ್ದಾರೆ, ನಾನೂ ಎಷ್ಟೋ ಸಲ ಹಾಗೇ. ಇವರಿಗೆ ಹೇಳಲು ಬರುತ್ತಿತ್ತು. ತೆಂಗಿನಕಾಯಿಯ ವಿಷಯದಲ್ಲಿ ಬರುತ್ತಿತ್ತು. ಮನುಷ್ಯರ ವಿಷಯದಲ್ಲಿ ಮಾತ್ರ ಅವರು ಬೇಕೆಂದೇ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಉಳಿದ ಅರ್ಧವನ್ನು ಕೆಳಗಿನವನು ಊಹಿಸಬೇಕು. ಊಹೆ ಸರಿಯಾದರೆ ಧಣಿಯ ಯಜಮಾನಿಕೆ, ತಪ್ಪಾದರೆ ಆಳಿನ ದಡ್ಡತನ. ಇದನ್ನೇ ಅನುಭವ, ಗಾಂಭೀರ್ಯ, ದೊಡ್ಡ ಮನೆತನದ ರೀತಿ ಎಂದು ಊರು ಹೊಗಳುತ್ತಿತ್ತು.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಅದೇ ವರ್ಷ ನಮ್ಮ ಒಬ್ಬ ಕ್ಲೀನರಿನ ಹೆಂಡತಿಗೆ ಕಾಯಿಲೆಯಾದಾಗ ಆಸ್ಪತ್ರೆಯ ಖರ್ಚನ್ನೆಲ್ಲ ಧಣಿಯೇ ವಹಿಸಿಕೊಂಡಿದ್ದರು, ಯಾರಿಗೂ ಹೇಳಿಕೊಳ್ಳಲಿಲ್ಲ. ನನ್ನ ಸಿಟ್ಟಿನಲ್ಲಿ ಆ ಮನುಷ್ಯ ಕುಗ್ಗಿಹೋಗಿದ್ದರೆ ಓದುವವರು ಸ್ವಲ್ಪ ದೊಡ್ಡದು ಮಾಡಿಕೊಳ್ಳಲಿ. ಆದರೆ ಕೊಡುವ ಕೈಯ ಬಗ್ಗೆ ನಾನಿಲ್ಲಿ ಬರೆಯುತ್ತಿಲ್ಲ.

ಡ್ರೈವರಿಗೆ ಬೇರೆ ಕಡೆ ಕೆಲಸ ಸಿಗಲಿಲ್ಲ. ಪೇಟೆಯ ಬಸ್ಸು ಮಾಲಿಕರೆಲ್ಲ ಒಬ್ಬರಿಗೊಬ್ಬರು ಎದುರಾಳಿಗಳು. ಡ್ರೈವರುಗಳ ವಿಷಯ ಬಂದರೆ ಮಾತ್ರ ಎಲ್ಲರೂ ಒಂದೇ ಚಾವಡಿಯವರು. ಎದುರುತ್ತರ ಕೊಡುವವನು ಎಂಬ ಮಾತು ಅವರಿಗಿಂತ ಮೊದಲು ಹೋಗಿ ಪ್ರತಿ ಆಫೀಸಿನಲ್ಲಿ ಕೂತಿರುತ್ತಿತ್ತು. ಅವರ ಹಿರಿಮಗಳು ದೂರದ ಊರಿನಲ್ಲಿ ನರ್ಸು ತರಬೇತಿಗೆ ಸೇರಿದ್ದಳು. ಅಪ್ಪನಿಗೆ ಕೆಲಸವಿಲ್ಲದಿದ್ದರೆ ಅವಳು ಅರ್ಧಕ್ಕೆ ಬಿಟ್ಟು ಬರಬೇಕಿತ್ತು.

ಒಂದು ಭಾನುವಾರ ಪೂಜೆಯ ನಂತರ ಅವರ ಹೆಂಡತಿ ನನ್ನನ್ನು ಮನೆಗೆ ಕರೆದುಕೊಂಡು ಹೋದರು. ನಾನು ಅವರನ್ನು ಮಾವ್ಶಿ ಎನ್ನುತ್ತಿದ್ದೆ. ಚಹಾ ಇಟ್ಟು ಗಂಡನ ಎದುರಿಗೇ ನನಗೆ ಹೇಳಿದರು: "ನೀನಾದರೂ ಹೇಳು ಪುತಾ. ಒಂದು ಸಾರಿ ಹೋಗಿ ತಪ್ಪಾಯ್ತು ಅಂದರೆ ನಾಲಿಗೆ ಬಿದ್ದುಹೋಗುವುದಿಲ್ಲ. ದಿನಾ ಸಂಜೆ ದೇವರ ಮುಂದೆ ಹೇಳುವುದಿಲ್ಲವಾ?"

"ದೇವರು ಎಂತೆಂತಕ್ಕೆ ಕ್ಷಮೆ ಕೇಳಬೇಕು ಅಂತ ಹತ್ತು ಕಟ್ಟಳೆ ಬರೆದುಕೊಟ್ಟಿದ್ದಾನೆ," ಎಂದರು ಡ್ರೈವರು. ಆಮೇಲೆ ನನಗೆ, "ಧಣಿ ಹತ್ತು ಬೇಡ, ಒಂದು ಹೇಳಲಿ. ಕಾಯದ್ದಕ್ಕಾ, ಕಾದದ್ದಕ್ಕಾ, ಯಾವುದಕ್ಕೆ ಅಂತ ಹೇಳಿದರೆ ನಾಳೆಯೇ ಬಂದು ಕೇಳ್ತೇನೆ," ಎಂದರು.

ನಾನು ಇದನ್ನೂ ಹೊತ್ತುಕೊಂಡು ಹೋದೆ. ಧಣಿ ಪತ್ರಿಕೆಯಿಂದ ತಲೆ ಎತ್ತದೆ, ಅವನಿಗೆ ಗೊತ್ತುಂಟು ಎಂದರು. ಡ್ರೈವರಿಗೆ ಹೇಳಿದೆ. ಅವರು, ನನಗೆ ಗೊತ್ತಿಲ್ಲ ಎಂದರು. ಅವರ ಮುಖ ಆಗ ಹೇಗಿತ್ತೆಂದು ಬರೆಯಲು ನೋಡಿದೆ, ಆಗಲಿಲ್ಲ. ಅದು ಗರ್ವವಲ್ಲ. ಲೆಕ್ಕ ಎಷ್ಟು ಸಲ ಮಾಡಿದರೂ ಕೂಡದೆ ಇರುವವನ ಮುಖ.

ಮಳೆ ಕಡಿಮೆಯಾಗುವ ಹೊತ್ತಿಗೆ ಅವರು ಬಂದರು. ನನಗೆ ಮೊದಲು ತಿಳಿಸಿರಲಿಲ್ಲ. ಚಪ್ಪಲಿ ಕೆಳಗೆ ಬಿಟ್ಟು, ಅಂದು ನಿಂತಲ್ಲೇ ನಿಂತರು. ಆದರೆ ಹಿಮ್ಮಡಿ ಜೋಡಿಸಿರಲಿಲ್ಲ. ಭುಜ ಬಗ್ಗಿಸಿ, ಉಳಿದವರೆಲ್ಲ ನಿಲ್ಲುವ ಹಾಗೆ ನಿಂತಿದ್ದರು.

"ತಪ್ಪಾಯ್ತು ಧಣೀ."

"ಎಂತ ತಪ್ಪು?" ಎಂದರು ಧಣಿ.

ನಾನು ನನ್ನ ಮೇಜಿನಿಂದ ಎದ್ದೆ. ಎದ್ದು ಮಾಡುವುದೇನೂ ಇರಲಿಲ್ಲ. ವರ್ಷಗಟ್ಟಲೆ ತಾನೊಂದು ಮಾತು ಬಿಡಿಸಿ ಹೇಳದ ಮನುಷ್ಯ ಈಗ ಎದುರಿನವನ ಬಾಯಿಂದ ಬಿಡಿಸಿ ಹೇಳಿಸುತ್ತಿದ್ದ. ಡ್ರೈವರು ಗೋಡೆಯನ್ನು ನೋಡಲಿಲ್ಲ, ನೆಲ ನೋಡಿದರು.

"ಕೇಳಿದ್ದು ತಪ್ಪಾಯ್ತು."

ಧಣಿ ತಲೆಯಾಡಿಸಿದರು. ಮೇಜಿನ ಖಾನೆಯಿಂದ ಬಸ್ಸಿನ ಕೀ ತೆಗೆದು ಕಟ್ಟೆಯ ಮೇಲೆ ಇಟ್ಟರು, ಕೈಗೆ ಕೊಡಲಿಲ್ಲ. ಅವರ ಮುಖದಲ್ಲಿ ದ್ವೇಷವೇನೂ ಇರಲಿಲ್ಲ; ಕೆಲಸವೊಂದು ಸರಿಯಾಗಿ ಮುಗಿದ ತೃಪ್ತಿ ಇತ್ತು. ನನ್ನ ಕಡೆ ತಿರುಗಿ, "ಎಲ್ಲರಿಗೂ ಕಾಫಿ ಹೇಳು," ಎಂದರು.

ಜಗಲಿಯಲ್ಲಿ ಏಜೆಂಟರು ಇದ್ದರು, ಧಣಿ ಇದ್ದರು, ನಾನು. ಅಂಚಿನಲ್ಲಿ ಡ್ರೈವರು ಇನ್ನೂ ಕೀ ಎತ್ತಿಕೊಳ್ಳುತ್ತಿದ್ದರು. ಹೊರಗೆ ನಿಂತವರಿಗೆ ಆ ಆಫೀಸಿನಲ್ಲಿ ಕಾಫಿ ಬರುತ್ತಿರಲಿಲ್ಲ. ಅದನ್ನು ಯಾರೂ ಎಂದೂ ನಿಯಮ ಎಂದು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

"ಡ್ರೈವರಿಗೂ ಸೇರಿಸಿಯಾ ಧಣೀ?" ಎಂದೆ.

ಇಲ್ಲಿ ನಾನು ನಿಲ್ಲಬೇಕು. ಇದನ್ನು ನಾನು ನಿಜವಾಗಿ ಗಟ್ಟಿಯಾಗಿ ಕೇಳಿದೆನೇ, ಕೇಳಬೇಕಿತ್ತೆಂದು ಆಮೇಲೆ ಅಂದುಕೊಂಡದ್ದು ಗಟ್ಟಿಯಾಯಿತೇ? ದಿನಚರಿಯಲ್ಲಿ ಇರುವುದು ಇಷ್ಟು: ಡ್ರೈವರು ವಾಪಸು. ಕಾಫಿ ವಿಷಯ ಧಣ್ಯರೊಡನೆ ಮಾತಾಯಿತು. ಅಂದರೆ ಏನೋ ಮಾತು ಆಗಿದೆ. ಪದಗಳಿಗೆ ನಾನು ಜಾಮೀನಲ್ಲ.

ಧಣಿ ನನ್ನನ್ನು ನೋಡಿದರು. "ನಿನಗೆ ಗೊತ್ತಿಲ್ಲವಾ?"

"ಗೊತ್ತಿಲ್ಲ," ಎಂದೆ.

ಡ್ರೈವರು ನನಗೆ ಕೊಂಕಣಿಯಲ್ಲಿ, ಮೆಲ್ಲಗೆ, ಬಿಡು ಪುತಾ, ದೋಣಿ ಹೋಗುತ್ತದೆ ಎಂದು ಹೇಳಿ ಮೆಟ್ಟಿಲಿಳಿದರು. ಆ ಧ್ವನಿಯಲ್ಲಿ ಕೃತಜ್ಞತೆ ಇರಲಿಲ್ಲ, ಹೆದರಿಕೆ ಇತ್ತು. ಅಷ್ಟು ಬೆಲೆ ತೆತ್ತು ಪಡೆದ ಕೀಯನ್ನು ನಾನು ಮತ್ತೆ ಕಳೆದುಬಿಡುತ್ತೇನೋ ಎಂಬ ಹೆದರಿಕೆ. ಅದು ನನಗೆ ಅರ್ಥವಾಯಿತು. ಅವರ ಮಗಳು ತರಬೇತಿ ಮುಗಿಸಿದಳು ಎಂದು ಆಮೇಲೆ ಕೇಳಿದೆ. ಆ ವಿಷಯದಲ್ಲಿ ಅವರು ಮಾಡಿದ್ದು ಸರಿ. ಸರಿಯಾದದ್ದನ್ನು ಮಾಡಲು ಮನುಷ್ಯ ಹಾಗೆ ಬಗ್ಗಬೇಕಾಯಿತಲ್ಲ ಎಂಬುದಕ್ಕೆ ಈಗಲೂ ನನ್ನ ಹಲ್ಲು ಬಿಗಿಯುತ್ತದೆ.

ನನಗೆ ಯಾರೂ ಏನೂ ಹೇಳಲಿಲ್ಲ. ಮೊದಲು ಟಪಾಲು ನನ್ನ ಮೇಜಿಗೆ ಬರುವುದು ನಿಂತಿತು. ಆಮೇಲೆ ಕಡವಿಗೆ ಬೇರೊಬ್ಬ ಹೋಗತೊಡಗಿದ. ಒಂದು ಬೆಳಗ್ಗೆ ಬಂದಾಗ ನನ್ನ ಮೇಜು ಒಳಗಿನ ಕೋಣೆಯ ಮೂಲೆಗೆ ಸರಿದಿತ್ತು, ಅದರ ಮೇಲೆ ಹಳೆಯ ಟಿಕೆಟ್ಟಿನ ಕಟ್ಟುಗಳು. ನಾನು ತಿಳಿದುಕೊಂಡು ಹೋಗಬೇಕಿತ್ತು. ಆ ಮನೆಯ ರೀತಿಯಲ್ಲಿ ಅದು ನನಗೆ ತೋರಿಸಿದ ಮರ್ಯಾದೆ. ತಾನಾಗಿ ಬಿಟ್ಟು ಹೋದ ಎಂದು ಹೇಳಿಕೊಳ್ಳಲು ಇಬ್ಬರಿಗೂ ದಾರಿ. ಮನೆಯಲ್ಲಿ ತಂದೆಯೂ, ಅವರ ಮನಸ್ಸು ತಿಳಿದುಕೋ, ಬಿಡು ಎಂದರು.

ನಾನು ತಿಳಿದುಕೊಳ್ಳಲಿಲ್ಲ. ಟಿಕೆಟ್ಟಿನ ಕಟ್ಟುಗಳನ್ನು ಕೆಳಗಿಟ್ಟು, ಧೂಳು ಒರೆಸಿ, ದಿನವೂ ಹೊತ್ತಿಗೆ ಸರಿಯಾಗಿ ಬಂದು ಕೂತೆ. ಮಾಡಲು ಕೆಲಸವಿಲ್ಲದೆ ಸಂಜೆಯವರೆಗೆ ಕೂರುವುದು ಎಂಥದೆಂದು ಕೂತವರಿಗೇ ಗೊತ್ತು. ಏಜೆಂಟರು ನನ್ನ ಮೂಲೆಯನ್ನು ನೋಡದಂತೆ ನಡೆಯಲು ಕಲಿತರು. ನಾನು ಗಾಂಧಿಯೂ ಅಲ್ಲ, ಧೈರ್ಯಶಾಲಿಯೂ ಅಲ್ಲ. ಹಟಮಾರಿ ಎಂದು ತಂಗಿ ಈಗಲೂ ಹೇಳುತ್ತಾಳೆ. ಇರಬಹುದು. ನನಗೆ ಬೇಕಾದದ್ದು ಒಂದೇ ಆಗಿತ್ತು, ಅವರು ಅದನ್ನು ಬಾಯಿ ಬಿಟ್ಟು ಹೇಳಬೇಕು.

ಕೊನೆಗೆ ಒಂದು ಮಧ್ಯಾಹ್ನ ಧಣಿಯೇ ಆರಾಮ ಕುರ್ಚಿಯಿಂದ ಎದ್ದು ಒಳಕೋಣೆಗೆ ಬಂದರು. ಅವರು ಆ ಕೋಣೆಗೆ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾನು ಎದ್ದು ನಿಂತೆ.

"ನಿನಗೆ ಇನ್ನೂ ಅರ್ಥ ಆಗಲಿಲ್ಲವಾ?"

"ಎಂತದು ಧಣೀ?"

ಅವರ ಕುತ್ತಿಗೆ ಕೆಂಪಾಯಿತು. ಹೊರಗೆ ಜಗಲಿಯಲ್ಲಿ ಮಾತು ನಿಂತಿತು, ಎಲ್ಲರೂ ಕೇಳುತ್ತಿದ್ದರು.

"ನಾಳೆಯಿಂದ ಬರಬೇಡ."

"ನಾಳೆಯಿಂದಲಾ, ಈಗಿನಿಂದಲಾ?"

"ಈಗಿನಿಂದಲೇ. ಎದ್ದು ಹೋಗು."

ಎದ್ದೇ ನಿಂತಿದ್ದೆ. ಕೊಡೆ ತೆಗೆದುಕೊಂಡೆ.